ಸಿಂಗಾಪುರದ ತೋಟದಲ್ಲಿ ಒಂದು ಕರಿ ಗೊರವಂಕ

ಸಿಂಗಾಪುರದ ಸಸ್ಯೋದ್ಯಾನದ ಬಾಗಿಲು ಬೆಳಗ್ಗೆ ಐದು ಗಂಟೆಗೆ ತೆರೆದರೆ ಮುಚ್ಚುವುದು ನಡುರಾತ್ರಿ ಹನ್ನೆರಡಕ್ಕೆ. ಒಳಗೆ ಹೋಗಲು ಹಣ ಕೊಡಬೇಕಾಗಿಲ್ಲ; ಮಧ್ಯದಲ್ಲಿರುವ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೇಟು. 1859ರಲ್ಲಿ ಆರಂಭವಾದ ಈ ತೋಟವು ಇಂದು 82 ಹೆಕ್ಟೇರುಗಳಷ್ಟು ವಿಸ್ತಾರವಾಗಿದ್ದು, 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು. ಸುತ್ತಲೂ ಗಗನಚುಂಬಿ ಕಟ್ಟಡಗಳಿರುವ ನಗರದ ನಡುವೆ ಸುಮಾರು ಆರು ಹೆಕ್ಟೇರಿನಷ್ಟು ಮೂಲ ಮಳೆಕಾಡನ್ನೂ ಇಲ್ಲಿ ಕಡಿಯದೆ ಉಳಿಸಿಕೊಂಡಿದ್ದಾರೆ. ಹುಲ್ಲುಹಾಸಿನಲ್ಲಿ ನಿಂತಿರುವ ಒಂದು ಟೆಂಬುಸು ಮರವು ತೋಟಕ್ಕಿಂತಲೂ ಹಳೆಯದು. ಆ ದೇಶದ ಐದು ಡಾಲರಿನ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವುದು ಆ ಮರದ್ದೇ ಚಿತ್ರ.

ನಮ್ಮ ಕಾಸರಗೋಡಿನ ಮಲೆಪ್ರದೇಶದವರಿಗೆ ಈ ತೋಟದ ಋಣ ಒಂದುಂಟು. 1877ರಲ್ಲಿ ಬ್ರೆಜಿಲ್ ಮೂಲದ ರಬ್ಬರ್ ಸಸಿಗಳು ಇಲ್ಲಿಗೆ ಬಂದವು. 1888ರಲ್ಲಿ ತೋಟದ ಮುಖ್ಯಸ್ಥರಾಗಿ ಬಂದ ಹೆನ್ರಿ ರಿಡ್ಲಿ ಎಂಬವರು ಮರವನ್ನು ಕೊಲ್ಲದೆ, ತೊಗಟೆಯನ್ನು ಓರೆಯಾಗಿ ತೆಳುವಾಗಿ ಕೆತ್ತುತ್ತ ಅದೇ ಗಾಯದಿಂದ ಮತ್ತೆ ಮತ್ತೆ ಹಾಲು ತೆಗೆಯುವ ಕ್ರಮವನ್ನು ಇಲ್ಲಿಯೇ ಕಂಡುಕೊಂಡರು. ನಸುಕಿನಲ್ಲಿ ತಲೆಗೆ ಬೆಳಕು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವ ನಮ್ಮೂರವರ ಕೈಚಳಕದ ಹಿಂದೆ ಆ ಪ್ರಯೋಗವಿದೆ.

ಕಳೆದ ಬೇಸಗೆ ರಜೆಯಲ್ಲಿ ತಂಗಿಯ ಮನೆಗೆಂದು ಹೋದವರು ನಾವು. ನಾನು, ನನ್ನ ಪತ್ನಿ, ಕನ್ನಡ ಮಾಧ್ಯಮದ ಏಳನೆಯ ತರಗತಿಯನ್ನು ಮುಗಿಸಿದ ಮಗಳು. ಮಗಳ ಕೈಯಲ್ಲಿ ಒಂದು ಪುಸ್ತಕವಿತ್ತು. ರಜೆಯಲ್ಲಿ ಕಂಡ ಗಿಡ, ಹಕ್ಕಿ, ಹುಳುಗಳ ಹೆಸರು, ಬಣ್ಣ, ಆಹಾರ, ಊರು ಎಂದು ಕಲಮುಗಳನ್ನು ಹಾಕಿ ತುಂಬಿಸಿಕೊಂಡು ಬರಬೇಕೆಂಬುದು ಅವಳ ಶಾಲೆಯ ಟೀಚರ ಆದೇಶ. ಪರದೇಶಕ್ಕೆ ಹೋಗುವವಳು ಎಂಬ ಕಾರಣಕ್ಕೆ ರಿಯಾಯಿತಿ ದೊರೆತಿರಲಿಲ್ಲ. ಕನ್ನಡದಲ್ಲಿಯೇ ಬರೆಯಬೇಕು.

ಮೊದಲ ದಿನದ ಮೊದಲ ಅರ್ಧ ಗಂಟೆಯಲ್ಲಿ ಅವಳಿಗೆ ಕಷ್ಟವೇನೂ ಆಗಲಿಲ್ಲ. ಕೆರೆಯ ಅಂಚಿನಲ್ಲಿ ಶಿಳ್ಳೆ ಬಾತುಗಳು. ಬೇಲಿಯ ಬುಡದಲ್ಲಿ ಬಿಳಿ ಎದೆಯ ಹುಂಡುಕೋಳಿ. ಕಂಬದ ಮೇಲೆ ಗದ್ದೆ ಮಿಂಚುಳ್ಳಿ. ಎಲ್ಲಿಂದಲೋ ಕೋಗಿಲೆಯ ಕೂಗು. ಮರದಡಿಯಲ್ಲಿ ಉದುರಿದ ಕೆಂಪು ಬೀಜಗಳನ್ನು ಆರಿಸುತ್ತಿದ್ದ ಚೀನೀ ಮಕ್ಕಳ ಜೊತೆ ಅವಳೂ ಕುಳಿತು ಬೊಗಸೆ ತುಂಬಿಸಿಕೊಂಡಳು. ನಮ್ಮ ನೆರೆಯವರು ಮಂಜಾಡಿ ಎನ್ನುವ ಬೀಜವೇ ಅದು. ನೀರಿನ ಮೇಲೆ ಎತ್ತರದಲ್ಲಿ ತೇಲಿಹೋದ ಬಿಳಿ ಹೊಟ್ಟೆಯ ಕಡಲ ಹದ್ದನ್ನು ಕಂಡಾಗಲಂತೂ ಅವಳು ಹಿಗ್ಗಿದಳು. 2023ರಲ್ಲಿ ಕಾಸರಗೋಡು ಜಿಲ್ಲೆಯು ತನ್ನ ಜಿಲ್ಲಾ ಪಕ್ಷಿಯೆಂದು ಘೋಷಿಸಿಕೊಂಡ ಹಕ್ಕಿ ಅದು. ಸಾಗರ ದಾಟಿ ಬಂದರೂ ಪಟ್ಟಿಯಲ್ಲಿ ಹೊಸದೇನೂ ಸೇರುವಂತೆ ಕಾಣಲಿಲ್ಲ.

ಆಮೇಲೆ ಹುಲ್ಲುಹಾಸಿನ ಮೇಲೆ ಆ ಹಕ್ಕಿ ನಡೆದು ಬಂತು.

ಒಂದಲ್ಲ, ಒಂಬತ್ತೋ ಹತ್ತೋ. ಗೊರವಂಕದ ನಡಿಗೆಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ: ಜಮೀನಿನ ಗಡಿ ಅಳೆಯಲು ಬಂದ ಸರ್ವೆಯವರಂತೆ ಬೀಗಿದ ಹೆಜ್ಜೆ, ನಡುನಡುವೆ ಒಂದು ಕುಪ್ಪಳಿಕೆ. ನಡಿಗೆ ಅದೇ. ಗಾತ್ರವೂ ಹೆಚ್ಚು ಕಡಿಮೆ ಅದೇ. ಆದರೆ ಬಣ್ಣ ಕಂದಲ್ಲ, ಮಸಿ ಬೆರೆತ ಬೂದು, ತಲೆಯಂತೂ ಕಪ್ಪು. ಕೊಕ್ಕಿನ ಬುಡದಲ್ಲಿ, ಹಣೆಯ ಮೇಲೆ, ಗಿಡ್ಡದೊಂದು ಜುಟ್ಟು.

"ಅಪ್ಪಾ, ಇದು ನಮ್ಮ ಕಾಡು ಗೊರವಂಕವೇ" ಎಂದಳು ಮಗಳು. ಪೆನ್ಸಿಲು ಹೆಸರಿನ ಕಲಮಿನ ಮೇಲೆ ಆಗಲೇ ಇಳಿದಿತ್ತು.

ಅವಳ ಮಾತಿಗೆ ಆಧಾರವಿಲ್ಲದಿರಲಿಲ್ಲ. ನಮ್ಮಲ್ಲಿ ಎರಡು ಬಗೆಯ ಗೊರವಂಕಗಳು ಸಾಮಾನ್ಯ. ಅಂಗಳಕ್ಕೆ ಬರುವ ಸಾಮಾನ್ಯ ಗೊರವಂಕಕ್ಕೆ ಕಣ್ಣಿನ ಸುತ್ತ ಹಳದಿಯ ಬೋಳು ಚರ್ಮವಿದೆ. ಹೊಲಗದ್ದೆಗಳಲ್ಲಿ ದನಗಳ ಹಿಂದೆ ತಿರುಗುವ ಕಾಡು ಗೊರವಂಕಕ್ಕೆ ಆ ಹಳದಿ ಚರ್ಮವಿಲ್ಲ, ಬದಲಿಗೆ ಹಣೆಯ ಮೇಲೆ ಕುಚ್ಚಿನಂತೆ ಎದ್ದು ನಿಂತ ಗರಿಗಳಿವೆ. ಮಲಯಾಳಿಗಳು ಅದನ್ನು ಕಿನ್ನರಿ ಮೈನ ಎನ್ನುತ್ತಾರೆ. ಕಿನ್ನರಿ ಎಂದರೆ ಇಲ್ಲಿ ವೀಣೆಯಲ್ಲ, ಪೇಟದ ತುದಿಯ ಕುಚ್ಚು. ಗುರುತನ್ನೇ ಹೆಸರಿನೊಳಗೆ ಇಟ್ಟುಕೊಂಡಿರುವ ಇಂತಹ ಪದವನ್ನು ನೆರೆಭಾಷೆಯಿಂದ ಕಲಿತರೆ ನಮಗೆ ನಷ್ಟವೇನಿಲ್ಲ.

ಭಾವ ಆಗಲೇ ಫೋನನ್ನು ಹೊರತೆಗೆದಿದ್ದರು. ಹಕ್ಕಿಯ ಚಿತ್ರ ತೆಗೆದು ತೋರಿಸಿದರೆ ಹೆಸರು ಹೇಳುವ ಆ್ಯಪ್ ಅದರಲ್ಲಿದೆಯಂತೆ. ನಾನು ತಡೆದೆ. ಇದರಲ್ಲಿ ವೃತ್ತಿಯ ಹಠವೂ ಸ್ವಲ್ಪ ಇದ್ದಿರಬಹುದು. ನ್ಯಾಯಾಲಯದಲ್ಲಿ ಗುರುತಿನ ಪ್ರಶ್ನೆ ನಿತ್ಯದ ಮಾತು. ಹಳೆಯ 1872ರ ಸಾಕ್ಷ್ಯ ಅಧಿನಿಯಮದಲ್ಲಿ 9ನೆಯ ಕಲಮು, ಈಗಿನ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 7ನೆಯದು, ಒಬ್ಬ ವ್ಯಕ್ತಿಯ ಅಥವಾ ವಸ್ತುವಿನ ಗುರುತನ್ನು ಸ್ಥಾಪಿಸುವ ಸಂಗತಿಗಳನ್ನು ಪ್ರಸ್ತುತವೆನ್ನುತ್ತದೆ. ಆರೋಪಿಯನ್ನು ಅವನಂತೆಯೇ ಇರುವ ಹಲವರ ನಡುವೆ ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವ ಪರೇಡು ಇದಕ್ಕಾಗಿಯೇ ಇರುವುದು. ಪರೇಡಿಗೆ ಮೊದಲೇ ಆರೋಪಿಯ ಭಾವಚಿತ್ರವನ್ನು ಸಾಕ್ಷಿಗೆ ತೋರಿಸಿಬಿಟ್ಟರೆ ಆ ಗುರುತಿನ ಬೆಲೆ ಕುಸಿಯುತ್ತದೆ. ಆತ ಗುರುತಿಸುವುದು ಕಂಡ ಮನುಷ್ಯನನ್ನೋ, ತೋರಿಸಿದ ಚಿತ್ರವನ್ನೋ ಎಂದು ಹೇಳಲಾಗದು. ಹಕ್ಕಿಯ ವಿಷಯದಲ್ಲೂ ಹಾಗೆಯೇ. ಹೆಸರು ಮೊದಲು ಕಿವಿಗೆ ಬಿದ್ದರೆ ಕಣ್ಣು ಆಮೇಲೆ ಆ ಹೆಸರಿಗೆ ಬೇಕಾದುದನ್ನೇ ನೋಡುತ್ತದೆ.

ಆದ್ದರಿಂದ ಮೊದಲು ಹೇಳಿಕೆ, ಆಮೇಲೆ ಪುಸ್ತಕ ಎಂದು ತೀರ್ಮಾನವಾಯಿತು. ಮಗಳು ಹುಲ್ಲಿನ ಮೇಲೆ ಕುಳಿತು, ಆ ಹಕ್ಕಿ ಕೊಕ್ಕಿನಿಂದ ಬಾಲದ ತುದಿಯವರೆಗೆ ಹೇಗಿದೆಯೋ ಹಾಗೆ ಬರೆದಳು. ಕೊಕ್ಕು ಪೂರ್ತಿ ಹಳದಿ, ಬುಡದಲ್ಲಿಯೂ ಬೇರೆ ಬಣ್ಣವಿಲ್ಲ. ಕಣ್ಣು ನಿಂಬೆಹಣ್ಣಿನ ಹಳದಿ, ನಡುವೆ ಕಪ್ಪು ಚುಕ್ಕೆ. ಕಣ್ಣಿನ ಸುತ್ತ ಬೋಳು ಚರ್ಮವಿಲ್ಲ. ಕಾಲು ಹಳದಿ. ಮೈ ಬೂದು ಮಿಶ್ರಿತ ಕಪ್ಪು. ರೆಕ್ಕೆ ಬಿಚ್ಚಿದಾಗ ದೊಡ್ಡ ಬಿಳಿ ಮಚ್ಚೆ. ಬಾಲದ ತುದಿ ಬಿಳಿ. ಬಾಲದ ಬುಡದ ಅಡಿಭಾಗವು ಸುಣ್ಣ ಹೊಡೆದಂತೆ ಅಚ್ಚ ಬಿಳಿ. ಈ ಕೊನೆಯ ಸಂಗತಿಯನ್ನು ನೋಡಲು ಅವಳು ಹುಲ್ಲಿಗೆ ಗಲ್ಲ ತಾಗಿಸಿ ಮಲಗಬೇಕಾಯಿತು. ದಾರಿಯಲ್ಲಿ ಓಡುತ್ತಿದ್ದ ಇಬ್ಬರು ನಿಂತು, ಅಲ್ಲಿ ಏನಿದೆಯೆಂದು ಬಗ್ಗಿ ನೋಡಿ, ಗೊರವಂಕವೆಂದು ತಿಳಿದು ನಿರಾಶರಾಗಿ ಮುಂದಕ್ಕೆ ಓಡಿದರು.

ಇನ್ನು ಪರೇಡು. ಸಾಲಿನಲ್ಲಿ ನಿಲ್ಲಿಸಬೇಕಾದವರು ಯಾರು?

ಮೈ ಕಪ್ಪಾಗಿದ್ದ ಮಾತ್ರಕ್ಕೆ ಸಾಲಿಗೆ ಬಂದದ್ದು ಆ ನಗರದ ಹೊಳಪಿನ ಕಬ್ಬಕ್ಕಿ. ಅದು ಪಕ್ಕದ ತಾಳೆಯ ಮರದಲ್ಲೇ ಗದ್ದಲವೆಬ್ಬಿಸುತ್ತಿತ್ತು. ಅದರ ಕಪ್ಪಿನಲ್ಲಿ ಎಣ್ಣೆ ಚೆಲ್ಲಿದಂತೆ ಹಸಿರು ಮಿಂಚಿದೆ, ಕಣ್ಣು ಕೆಂಪು, ರೆಕ್ಕೆಯಲ್ಲಿ ಬಿಳಿಯಿಲ್ಲ. ಅದನ್ನು ತಕ್ಷಣ ಬಿಟ್ಟುಬಿಡಬಹುದಾಯಿತು. ಮಾತನಾಡಲು ಕಲಿಯುವ ಬೆಟ್ಟದ ಗೊರವಂಕಕ್ಕೆ ತಲೆಯ ಬದಿಯಲ್ಲಿ ಜೋಲುವ ಹಳದಿ ಚರ್ಮವಿರುವುದರಿಂದ ಅದಕ್ಕೂ ಬಿಡುಗಡೆ.

ಕಾಡು ಗೊರವಂಕದ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಊರಿನಲ್ಲಿ ನಾವು ಕಾಣುವ ಕಾಡು ಗೊರವಂಕದ ಕಣ್ಣು ನೀಲಿ ಬೆರೆತ ಬೂದು. ಇಲ್ಲಿಯದು ಹಳದಿ. ಇಷ್ಟೇ ಸಾಕಲ್ಲವೇ ಎಂದು ಮಗಳು ಕೇಳಿದಳು. ಸಾಲದು. ದಕ್ಷಿಣ ಭಾರತದ ಕಾಡು ಗೊರವಂಕಕ್ಕೆ ಮಾತ್ರ ಆ ನೀಲಿಗಣ್ಣು. ಉತ್ತರ ಭಾರತದಲ್ಲಿ ಅದೇ ಜಾತಿಯ ಹಕ್ಕಿಯ ಕಣ್ಣು ಹಳದಿ. ಆ ಹಕ್ಕಿ ಮಲಯ ಪರ್ಯಾಯದ್ವೀಪದ ಉತ್ತರದವರೆಗೂ ಹಬ್ಬಿದೆ. ಆದ್ದರಿಂದ ದೂರದ ಊರು ಎಂಬ ಕಾರಣಕ್ಕಾಗಲಿ, ಕಣ್ಣಿನ ಬಣ್ಣವೊಂದರಿಂದಲೇ ಆಗಲಿ ಅದನ್ನು ಸಾಲಿನಿಂದ ಹೊರಗಿಡುವಂತಿರಲಿಲ್ಲ. ಪ್ರಕರಣವನ್ನು ನಿರ್ಣಯಿಸಿದ್ದು ಕೊಕ್ಕು. ಕಾಡು ಗೊರವಂಕದ ಕೊಕ್ಕು ಕಿತ್ತಳೆ ಬಣ್ಣದ್ದಾಗಿದ್ದು ಬುಡದಲ್ಲಿ ನೀಲಿಗಪ್ಪಿನ ಛಾಯೆಯಿರುತ್ತದೆ. ಮೈಬಣ್ಣದಲ್ಲಿ ಕಂದು ಬೆರೆತಿರುತ್ತದೆ. ಮಗಳ ಹೇಳಿಕೆಯಲ್ಲಿ ಕೊಕ್ಕು ಪೂರ್ತಿ ಹಳದಿ, ಮೈ ಕಂದಿಲ್ಲದ ಕಪ್ಪುಬೂದು.

ಉಳಿದವು ಎರಡು. ಥಾಯ್‌ಲ್ಯಾಂಡಿನ ಕಡೆಯ ದೊಡ್ಡ ಜುಟ್ಟಿನ ಗೊರವಂಕಕ್ಕೂ ಬಾಲದಡಿ ಬಿಳಿಯಿದೆ, ಕೊಕ್ಕು ಹಳದಿಯಿದೆ. ಆದರೆ ಅದರ ಜುಟ್ಟು ಉದ್ದ, ಕಣ್ಣು ಕೆಂಗಂದು. ಚೀನಾದ ಜುಟ್ಟಿನ ಗೊರವಂಕದ ಕೊಕ್ಕು ದಂತದ ಬಣ್ಣ. ಗಿಡ್ಡ ಜುಟ್ಟು, ಹಳದಿ ಕಣ್ಣು, ಹಳದಿ ಕೊಕ್ಕು, ಬಾಲದಡಿಯ ಬಿಳಿ, ಈ ನಾಲ್ಕೂ ಒಂದೇ ಮೈಯಲ್ಲಿ ಸೇರುವುದು ಜಾವಾದ ಗೊರವಂಕದಲ್ಲಿ ಮಾತ್ರ. ಭಾವನ ಆ್ಯಪ್ ಆಮೇಲೆ ಹೇಳಿದ್ದೂ ಅದನ್ನೇ. ತಜ್ಞರ ಅಭಿಪ್ರಾಯ ಸಾಕ್ಷ್ಯಕ್ಕೆ ಪೂರಕವಾಗಿ ಬಂದರೆ ಸ್ವಾಗತವೇ.

ಜಾವಾದ ಹಕ್ಕಿ ಸಿಂಗಾಪುರದಲ್ಲಿ ಏಕಿದೆ ಎಂಬುದು ಮುಂದಿನ ಪ್ರಶ್ನೆ. ಹಾರಿ ಬಂದದ್ದಲ್ಲ. 1920ರ ದಶಕದಲ್ಲಿ ಪಂಜರದ ಹಕ್ಕಿಯಾಗಿ ಹಡಗಿನಲ್ಲಿ ಬಂದಿತು. ತಪ್ಪಿಸಿಕೊಂಡವೋ ಬಿಟ್ಟವೋ ಆದ ಕೆಲವು ಹಕ್ಕಿಗಳು ನಗರದಲ್ಲಿ ನೆಲೆಯೂರಿದವು. ನಮ್ಮ ಸಾಮಾನ್ಯ ಗೊರವಂಕವೂ ಅಲ್ಲಿದೆ. ಅದು 1930ರ ದಶಕದಲ್ಲಿ ಉತ್ತರದಿಂದ, ಮಲಯ ಪರ್ಯಾಯದ್ವೀಪದ ಮಾರ್ಗವಾಗಿ ತಾನಾಗಿಯೇ ಬಂದಿತು. ಇಂದು ನಗರದೊಳಗೆ ಎಲ್ಲಿ ನೋಡಿದರೂ ಕರಿ ಗೊರವಂಕವೇ. ಹಳದಿ ಕನ್ನಡಕದ ನಮ್ಮ ಪರಿಚಿತವನ್ನು ಹುಡುಕಬೇಕು. ವಾರವಿಡೀ ತಿರುಗಿಯೂ ನಮಗೆ ಅವು ನಾಲ್ಕೇ ನಾಲ್ಕು ಸಿಕ್ಕವು.

ಹುಲ್ಲು ಹೆರೆಯುವ ಮೆಷಿನನ್ನು ನಿಲ್ಲಿಸಿ ನೆರಳಿನಲ್ಲಿ ನೀರು ಕುಡಿಯುತ್ತಿದ್ದ ಹಿರಿಯ ತೋಟಗಾರರೊಬ್ಬರನ್ನು ಮಗಳು ತನ್ನ ಶಾಲೆಯ ಇಂಗ್ಲಿಷಿನಲ್ಲಿ ಮಾತನಾಡಿಸಿದಳು. ಅವರ ಇಂಗ್ಲಿಷೂ ಅಷ್ಟಕ್ಕಷ್ಟೇ ಆದುದರಿಂದ ಇಬ್ಬರಿಗೂ ಸಂಕೋಚವಾಗಲಿಲ್ಲ. ಈ ಹಕ್ಕಿಗೆ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದ್ದಕ್ಕೆ ಅವರು "ಗೆಂಬಾಲಾ ಕೆರ್ಬಾವ್" ಎಂದರು. ಮಲಯ ಭಾಷೆಯಲ್ಲಿ ಕೆರ್ಬಾವ್ ಎಂದರೆ ಎಮ್ಮೆ, ಗೆಂಬಾಲಾ ಎಂದರೆ ಕಾಯುವವನು. ಎಮ್ಮೆ ಕಾಯುವವ! ಎಮ್ಮೆಗಳು ಮೇಯುವಾಗ ಹುಲ್ಲಿನಿಂದ ಏಳುವ ಮಿಡತೆಗಳನ್ನು ಹಿಡಿಯಲು ಹಿಂದೆಯೇ ನಡೆಯುವುದರಿಂದ ಬಂದ ಹೆಸರು. ಇಂಡೋನೇಷ್ಯದಲ್ಲಿಯೂ ಈ ಹಕ್ಕಿಯ ಹೆಸರಿನಲ್ಲಿ ಎಮ್ಮೆಯಿದೆ. ವಿಜ್ಞಾನಿಗಳು ಈ ಕುಲಕ್ಕೆ ಇಟ್ಟಿರುವ ಗ್ರೀಕ್ ಮೂಲದ ಹೆಸರಿಗೂ ಮಿಡತೆಯ ಬೇಟೆಗಾರ ಎಂದೇ ಅರ್ಥ.

ಈಗ ಆ ನಗರದ ನಡುವೆ ಎಮ್ಮೆಯೆಲ್ಲಿ? ತೋಟಗಾರರು ಎದ್ದು ಮತ್ತೆ ಮೆಷಿನನ್ನು ಚಾಲೂ ಮಾಡಿದರು. ಹತ್ತಡಿ ಹಿಂದೆ ಗೊರವಂಕಗಳ ಸಾಲು ಮೆರವಣಿಗೆಯಂತೆ ಹೊರಟಿತು. ಕಾಯುವ ಹಕ್ಕಿ ಅದೇ, ಎಮ್ಮೆ ಮಾತ್ರ ಪೆಟ್ರೋಲಿನದು.

ಸಿಂಗಾಪುರದವರಿಗೆ ಈ ಹಕ್ಕಿಯ ಮೇಲೆ ಪ್ರೀತಿ ಕಡಿಮೆ. ಆರ್ಚರ್ಡ್ ರಸ್ತೆಯ ಮರಗಳಲ್ಲಿ ಸಂಜೆ ಅವು ಗುಂಪುಗುಂಪಾಗಿ ಬಂದಿಳಿದಾಗ ಎದುರಿಗೆ ನಿಂತವರ ಮಾತು ಕೇಳಿಸದು. ಕೆಳಗಿನ ಕಾಲುದಾರಿಯೆಲ್ಲ ಹಿಕ್ಕೆ. ಕೊಂಬೆ ಕತ್ತರಿಸಿ ನೆಲೆ ತಪ್ಪಿಸುವುದು ಮೊದಲಾದ ಉಪಾಯಗಳನ್ನು ಮಾಡುತ್ತಲೇ ಇದ್ದಾರೆ. ಕಾಡುಪ್ರಾಣಿ ಪಕ್ಷಿಗಳಿಗೆ ತಿಂಡಿ ಹಾಕುವುದು ಅಲ್ಲಿ 2020ರಿಂದ ದೇಶದಾದ್ಯಂತ ಅಪರಾಧ. ಮೊದಲ ಬಾರಿಯ ತಪ್ಪಿಗೆ ಐದು ಸಾವಿರ ಡಾಲರುಗಳ ವರೆಗೆ ದಂಡ ಬೀಳಬಹುದು. ಮಗಳು ಕೈಯಲ್ಲಿದ್ದ ಬಿಸ್ಕತ್ತನ್ನು ಮುರಿಯಲು ಹೊರಟಾಗ ನಾನು ಈ ಕಾನೂನನ್ನು ಹೇಳಿದೆ. ಅವಳು ಒಡನೆ ಅದನ್ನು ಪೂರ್ತಿಯಾಗಿ ತನ್ನ ಬಾಯಿಗೆ ಹಾಕಿಕೊಂಡಳು.

ಆದರೆ ಸಮುದ್ರದ ಆಚೆ, ಹಕ್ಕಿಯ ತವರಾದ ಜಾವಾ ಮತ್ತು ಬಾಲಿ ದ್ವೀಪಗಳಲ್ಲಿ ಕಥೆ ಬೇರೆಯಿದೆ. ಜಾವಾದಲ್ಲಿ ಪಂಜರದ ಹಕ್ಕಿಯೆಂಬುದು ಮನೆಯ ಗೌರವದ ಗುರುತು. ಹಕ್ಕಿಗಳ ಹಾಡಿನ ಸ್ಪರ್ಧೆಗಳು ನಡೆಯುತ್ತವೆ, ಹಣದ ಬಹುಮಾನಗಳಿವೆ, ಹಕ್ಕಿಗಳಿಗಾಗಿಯೇ ದೊಡ್ಡ ಸಂತೆಗಳಿವೆ. ಆ ಬೇಡಿಕೆಗೆ ಹೊಲಗದ್ದೆಗಳಿಂದ ಹಿಡಿದು ಹಿಡಿದು, ಎಮ್ಮೆ ಕಾಯುವವ ತನ್ನ ಊರಿನಲ್ಲಿಯೇ ವಿರಳನಾದ. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯಕ್ಕೊಳಗಾದ ಜಾತಿಗಳ ಸಾಲಿಗೆ ಸೇರಿಸಿದರು. ಸಿಂಗಾಪುರ, ಸುಮಾತ್ರಾ, ಬೋರ್ನಿಯೋ, ತೈವಾನ್‌ಗಳಲ್ಲಿ ಹಬ್ಬಿರುವ ಹಕ್ಕಿಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಮನುಷ್ಯರು ತಂದುಬಿಟ್ಟಲ್ಲಿ ಇರುವ ಹಕ್ಕಿಗಳನ್ನು ಎಣಿಸುವುದಿಲ್ಲ. ಮೂಲದ ನೆಲದಲ್ಲಿ ಎಷ್ಟು ಉಳಿದಿವೆ ಎಂಬುದಷ್ಟೇ ಪ್ರಶ್ನೆ. ಹೀಗೆ ಒಂದೇ ಹಕ್ಕಿ ಒಂದು ದೇಶದಲ್ಲಿ ಪೀಡೆ, ಪಕ್ಕದ ದೇಶದಲ್ಲಿ ಅಳಿವಿನಂಚಿನ ಕಡೆಗೆ ಜಾರುತ್ತಿರುವ ಜೀವ. ಮಧುರ ಕಂಠದ ಇನ್ನೊಂದು ಹಕ್ಕಿ, ಒಣಹುಲ್ಲಿನ ಬಣ್ಣದ ತಲೆಯ ದೊಡ್ಡ ಪಿಕಳಾರ, ಇದೇ ವ್ಯಾಪಾರದಿಂದ ಜಾವಾದಲ್ಲಿ ನಿರ್ನಾಮವೇ ಆಯಿತು. ಅದು ಇಂದು ಒಂದಿಷ್ಟು ನೆಮ್ಮದಿಯಿಂದ ಬದುಕಿರುವ ಕೆಲವೇ ತಾಣಗಳಲ್ಲಿ ಸಿಂಗಾಪುರವೂ ಒಂದು.

ನಮ್ಮ ಗೊರವಂಕದ ಕುರಿತು ಹೆಮ್ಮೆಪಡುವ ಮೊದಲು ಇದನ್ನೂ ಹೇಳಿಬಿಡಬೇಕು: ಕೀಟಗಳನ್ನು ತಿನ್ನಲೆಂದು ಭಾರತದಿಂದ ಮಾರಿಷಸ್, ಆಸ್ಟ್ರೇಲಿಯ, ಹವಾಯಿಗಳಿಗೆ ಒಯ್ದುಬಿಟ್ಟ ಸಾಮಾನ್ಯ ಗೊರವಂಕವು ಜಗತ್ತಿನ ಅತ್ಯಂತ ಉಪದ್ರವಕಾರಿ ವಲಸಿಗ ಜೀವಿಗಳ ನೂರರ ಪಟ್ಟಿಯಲ್ಲಿದೆ. ಅಲ್ಲಿಯ ಸ್ಥಳೀಯ ಹಕ್ಕಿಗಳ ಗೂಡಿನ ಪೊಟರೆಗಳನ್ನು ಕಸಿದುಕೊಳ್ಳುತ್ತದೆಂಬುದು ಮುಖ್ಯ ಆರೋಪ. ಆರೋಪ ಹುಸಿಯಲ್ಲ. ಆದರೆ ಒಯ್ದು ಬಿಟ್ಟವರ ಹೆಸರು ಆ ಪಟ್ಟಿಯಲ್ಲಿಲ್ಲ ಎಂಬುದು ವಕೀಲನಾದ ನನಗೆ ಕಾಣದೆ ಹೋಗಲಿಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗೊರವಂಕವನ್ನಾಗಲಿ ಗಿಳಿಯನ್ನಾಗಲಿ ಹಿಡಿದು ಪಂಜರದಲ್ಲಿಡುವುದು ಅಪರಾಧ. ಇದನ್ನು ಮಕ್ಕಳು ಮನೆಯಲ್ಲಿ ಹಿರಿಯರಿಗೆ ಹೇಳಬಹುದು. ಹಬ್ಬ, ಜಾತ್ರೆಗಳಲ್ಲಿ ಗಿಳಿಮರಿ ಮಾರುವವರು ಕಂಡರೆ ಕೊಂಡು ಬಿಡಿಸುವ ಪುಣ್ಯಕ್ಕೂ ಹೋಗಬಾರದು. ಕೊಂಡಷ್ಟೂ ಹಿಡಿಯುತ್ತಾರೆ, ಜಾವಾದಲ್ಲಿ ಆದದ್ದು ಅದೇ.

ಇಷ್ಟೆಲ್ಲ ಆದ ಮೇಲೂ ಮಗಳ ಪುಸ್ತಕದ ಹೆಸರಿನ ಕಲಮು ಖಾಲಿಯೇ ಇತ್ತು. ಆ ಹಕ್ಕಿಗೆ ಕನ್ನಡದಲ್ಲಿ ಏನೆನ್ನಬೇಕು? ನಮ್ಮ ನಾಡಿನ ಹಕ್ಕಿಗಳಿಗೆ ಗದ್ದೆಯವರೂ ಗುಡ್ಡದವರೂ ಇಟ್ಟ ಹೆಸರುಗಳಿವೆ. ಜಾವಾದ ಹಕ್ಕಿಗೆ ಅವರೇಕೆ ಹೆಸರಿಡುತ್ತಾರೆ! ಅತ್ತೆಯ ಮಗ, ಅಲ್ಲಿಯೇ ಹುಟ್ಟಿ ಬೆಳೆದ ಹುಡುಗ, "ಇಂಗ್ಲಿಷಿನಲ್ಲಿ ಬರೆದುಬಿಡು, ಯಾರೂ ಕೇಳುವುದಿಲ್ಲ" ಎಂದು ಸಲಹೆಯಿತ್ತ. ಆ ಹುಡುಗನ ಶಾಲೆಯಲ್ಲಿ ಮಾತೃಭಾಷೆಯ ಪಾಠವೆಂದರೆ ಅವನಿಗೆ ತಮಿಳು. ಸಿಂಗಾಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಕನ್ನಡವನ್ನು ಅವನು ಮನೆಯಲ್ಲಿ ಆಡುತ್ತಾನೆ, ಓದಲು ಬರೆಯಲು ಬಾರದು. ಇದರಲ್ಲಿ ಅವನ ತಪ್ಪೇನಿಲ್ಲ, ನನ್ನ ತಂಗಿಯ ತಪ್ಪೂ ಇಲ್ಲ. ದಿನವೆಲ್ಲ ದುಡಿದು ಬಂದವರು ರಾತ್ರಿ ಕುಳಿತು ಕಾಗುಣಿತ ಕಲಿಸುವುದು ಹೇಳಿದಷ್ಟು ಸುಲಭವಲ್ಲ. ನಮ್ಮ ಗಡಿಯ ಊರುಗಳಲ್ಲಿ ಮನೆಯ ಬಾಗಿಲಿಗೆ ಇನ್ನೂ ಕನ್ನಡ ಶಾಲೆಯಿದೆ. ಅಲ್ಲಿಗೆ ಮಕ್ಕಳನ್ನು ಕಳುಹಿಸುತ್ತಿರುವ ತಾಯ್ತಂದೆಯರಿಗೆ ಈ ಮಾತಿನ ತೂಕವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಗಳು ಆ ಸಲಹೆಯನ್ನು ಒಪ್ಪಲಿಲ್ಲ. ಎರಡು ದಿನ ಯೋಚಿಸಿದಳು. ಕರಿ ಗೊರವಂಕ ಎಂದರೆ ಕಣ್ಣಿಗೆ ಕಾಣುವ ಗುರುತು ಬರುತ್ತದೆ, ಜಾವಾ ಗೊರವಂಕ ಎಂದರೆ ತವರು ಬರುತ್ತದೆ, ಎಮ್ಮೆ ಗೊರವಂಕ ಎಂದರೆ ಅಲ್ಲಿಯವರ ಮಾತು ಬರುತ್ತದೆ ಎಂದು ಮೂರನ್ನೂ ತೂಗಿ ನೋಡಿದಳು. ನಾನು ಅಭಿಪ್ರಾಯ ಕೊಡಲಿಲ್ಲ. ಕೊನೆಗೆ ಪುಸ್ತಕದಲ್ಲಿ "ಜಾವಾ ಗೊರವಂಕ" ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ "ಅಲ್ಲಿ ಇದನ್ನು ಎಮ್ಮೆ ಕಾಯುವವ ಎನ್ನುತ್ತಾರೆ" ಎಂದು ಸೇರಿಸಿದಳು. ಶಾಲೆ ತೆರೆದ ಮೇಲೆ ಟೀಚರು ಅದಕ್ಕೆ ಕೆಂಪು ಗೆರೆ ಹಾಕಲಿಲ್ಲ. ಬದಲಿಗೆ, ನಮ್ಮ ಶಾಲೆಯ ಮೈದಾನದಲ್ಲಿರುವ ಗೊರವಂಕ ಯಾವುದು, ಅದರ ಕಣ್ಣಿನ ಬಣ್ಣವೇನು ಎಂದು ಇಡೀ ತರಗತಿಗೆ ಪ್ರಶ್ನೆ ಹಾಕಿದರಂತೆ.

ಜೂನ್ ತಿಂಗಳ ಮಳೆಯಲ್ಲಿ ಹಕ್ಕಿಗಳು ಮೈದಾನಕ್ಕಿಳಿಯುವುದು ಕಡಿಮೆ. ಆದರೂ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಮಳೆ ಹೊಳವಾದ ಹೊತ್ತಿಗೆ, ಹದಿನೆಂಟು ಮಕ್ಕಳು ಜಗಲಿಯ ತುದಿಯಲ್ಲಿ ಸದ್ದಿಲ್ಲದೆ ಕುಳಿತು ನೋಡಿದರು ಎಂದು ಮಗಳು ಬಂದು ವರದಿ ಮಾಡಿದಳು. ಹಳದಿ ಚರ್ಮದವು ಆರು. ಕುಚ್ಚಿನವು ಎರಡು, ಗೇಟಿನಾಚೆಯ ದನದ ಹಿಂದೆ. ಅವುಗಳ ಕಣ್ಣು ನೀಲಿಯೋ ಬೂದಿಯೋ ಎಂಬುದರ ಬಗ್ಗೆ ಹಿಂದಿನ ಬೆಂಚಿನವರಿಗೂ ಮುಂದಿನ ಬೆಂಚಿನವರಿಗೂ ಇನ್ನೂ ಒಮ್ಮತವಾಗಿಲ್ಲವಂತೆ.